ಹೋದ ವರ್ಷದ ನೀರು

ಹೋದ ತಿಂಗಳು ಮಗಳ ಮನೆಗೆ ಹೋಗಿದ್ದೆ. ಹಪ್ಪಳ ಒಣಗಿಸಲಿಕ್ಕೆ ಬೇಕೆಂದು ಗಜೇಂದ್ರಗಡದಿಂದ ಹೊಸ ಕೋರಾ ಬಟ್ಟೆ ತರಿಸಿ, ಅದನ್ನು ಬಕೀಟಿನಲ್ಲಿ ನೆನೆಹಾಕಿದ್ದಳು. ಬಟ್ಟೆ ಗಂಜಿ ಬಿಟ್ಟಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ನನ್ನನ್ನು ಕೇಳದೆ ಎಡಪಾದದ ಮೇಲಿನ ಹರಡಿನ ಕಡೆಗೆ ಹೋಯಿತು. ಮಗಳು, “ಯಾಕವ್ವ, ಸೊಳ್ಳಿ ಕಡೀತೇನು?” ಎಂದು ಕೇಳಿದಳು. ಹೂಂ ಅಂದೆ. ಹಪ್ಪಳದ ಗಡಿಬಿಡಿಯಲ್ಲಿ ಇದ್ದವರ ಮುಂದೆ ಅಷ್ಟು ಹಳೆಯ ಅಂಜಿಕೆಯೊಂದನ್ನು ಎಲ್ಲಿಂದ ಸುರು ಮಾಡುವುದು? ಇಲ್ಲಿ ಬರೆಯುತ್ತೇನೆ, ಓದುವವರು ಓದಲಿ.

ನಮ್ಮೂರು ರೋಣಕ್ಕೂ ಗಜೇಂದ್ರಗಡಕ್ಕೂ ನಡುವೆ, ಎರೆಹೊಲಗಳ ಮಧ್ಯದಲ್ಲಿ ಇದೆ. ಎಲ್ಲಿ ಬಾವಿ ತೋಡಿದರೂ ಉಪ್ಪುನೀರು. ಸಿಹಿನೀರು ಅಂದರೆ ಊರ ಹೊರಗಿನ ಹೊಂಡದ್ದು ಮಾತ್ರ. ಮಳೆಗಾಲದಲ್ಲಿ ತುಂಬಿದ ಆ ನೀರನ್ನು ಮುಂದಿನ ಮಳೆಯವರೆಗೆ ಇಡೀ ಊರು ಕುಡಿಯಬೇಕು. ಹೊಂಡಕ್ಕೆ ಕಲ್ಲಿನ ಪಾವಟಿಗೆಗಳಿದ್ದವು. ಹೆಂಗಸರು ಪಾವಟಿಗೆ ಇಳಿದು, ಮೊಣಕಾಲಮಟ ನೀರಿನಲ್ಲಿ ನಿಂತು ಕೊಡ ತುಂಬಿಕೊಳ್ಳುತ್ತಿದ್ದರು. ನೀರು ತಿಳಿಯಾಗಿ, ತಂಪಾಗಿ ಇರುತ್ತಿತ್ತು. ಹೊರಗಿನಿಂದ ಬಂದವರು ಹೊಗಳಿ ಕುಡಿಯುತ್ತಿದ್ದರು.

ಆ ಊರಲ್ಲಿ ಬೇಸಿಗೆಗೆ ನಾರು ಬರುತ್ತಿತ್ತು. ಈಗಿನವರಿಗೆ ನಾರುಹುಣ್ಣು ಅಂದರೆ ಗೊತ್ತಿಲ್ಲ, ಗೊತ್ತಿಲ್ಲದ್ದೇ ಒಳ್ಳೆಯದು. ಕಾಲಿನ ಮೇಲೆ ಬೆಂಕಿ ತಾಗಿದಂಥ ಬೊಬ್ಬೆ ಏಳುತ್ತದೆ. ಅದು ಒಡೆದರೆ ಒಳಗಿನಿಂದ ಬಿಳಿ ದಾರದಂಥ ಹುಳ ತಲೆ ಹೊರಗೆ ಹಾಕುತ್ತದೆ. ಅದನ್ನು ಸಣ್ಣ ಕಡ್ಡಿಗೆ ಕಟ್ಟಿ, ದಿನಾ ಒಂದಿಷ್ಟೊಂದಿಷ್ಟೇ ಸುತ್ತುತ್ತ ಹೊರಗೆ ಎಳೆಯಬೇಕು. ಪೂರಾ ಬರಲಿಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಅವಸರ ಮಾಡಿ ಎಳೆದು ಅದು ಹರಿದರೆ ಕಾಲು ಬಾತು ಕೀವು ತುಂಬುತ್ತದೆ. ನನ್ನ ಅಕ್ಕ ಗಂಗಕ್ಕನಿಗೆ ಹಾಗೇ ಆಗಿತ್ತು. ಅವಳ ಬಲಮೊಣಕಾಲು ಸೆಟೆದು ಹೋಗಿ, ಗೊತ್ತಾಗಿದ್ದ ಮದುವೆ ಮುರಿದುಬಿತ್ತು. ಅಂದಿನಿಂದ ಅವಳು ಒಲೆಯ ಮುಂದೆ ಕಾಲು ಚಾಚಿಕೊಂಡೇ ಕುಳಿತಿರುತ್ತಿದ್ದಳು.

ಇಷ್ಟಾದರೂ ನಾವು ನಾರಿಗೆ ಅಂಜುತ್ತಿರಲಿಲ್ಲ ಅಂದರೆ ನಂಬುತ್ತೀರೋ ಇಲ್ಲವೋ. ಬಿಸಿಲು ಬಂದ ಹಾಗೆ ನಾರು ಬರುತ್ತಿತ್ತು, ಮಳೆ ಬಂದ ಹಾಗೆ ಹೋಗುತ್ತಿತ್ತು. ಉಷ್ಣ ಅಂದರು, ಹಣೆಬರಹ ಅಂದರು, ಔಡಲ ಎಲೆ ಕಟ್ಟಿದರು, ಮುಗಿಯಿತು. ಅಂಜಿಕೆ ನಮಗೆ ಬಂದದ್ದು ಸಾಲೆಯಿಂದ.

ಅದು ನಾನು ಏಳನೇ ಇಯತ್ತೆಗೆ ಬಂದ ವರ್ಷ, ಐವತ್ತರ ದಶಕದ ನಡುಭಾಗ. ಏಳನೆಯದರ ಕೊನೆಗೆ ರೋಣಕ್ಕೆ ಹೋಗಿ ಮುಲ್ಕಿ ಪರೀಕ್ಷೆ ಬರೆಯಬೇಕಿತ್ತು. ಅದು ಪಾಸಾದ ಹೆಣ್ಣುಮಗಳು ಸಾಲೆಯಲ್ಲಿ ಕಲಿಸುವ ಕೆಲಸಕ್ಕೆ ಅರ್ಜಿ ಹಾಕಬಹುದಿತ್ತು. ನನಗೆ ಅದೇ ಹುಚ್ಚು. ಅಪ್ಪ ಸ್ವಲ್ಪ ಮೆತ್ತಗಿನ ಮನುಷ್ಯ, ಆದರೂ ಒಂದು ಮಾತು ಹೇಳಿಬಿಟ್ಟಿದ್ದ: “ಮುಲ್ಕಿ ಪಾಸಾದ್ರ ಮುಂದ ನೋಡೂಣು. ಇಲ್ಲಾಂದ್ರ ಬರೂ ವರ್ಷ ಅಕ್ಕಿಕಾಳು ಹಾಕಿ ಕಳಸೂಣು.” ಮನೆಯಲ್ಲಿ ಒಬ್ಬ ಮಗಳು ಕುಂಟಿಯಾಗಿ ಉಳಿದ ಮೇಲೆ ಇನ್ನೊಬ್ಬಳನ್ನು ಕಾಲು ನೆಟ್ಟಗಿದ್ದಾಗಲೇ ದಾಟಿಸಬೇಕೆಂಬುದು ಅವ್ವನ ಲೆಕ್ಕ.

ಆ ಜೂನಿನಲ್ಲಿ ಪತ್ತಾರ ಮಾಸ್ತರರು ಬಂದರು. ಧಾರವಾಡದ ಕಡೆ ಟ್ರೇನಿಂಗ್ ಮುಗಿಸಿದವರು, ಸಣಕಲು ಆಳು, ಮಾತು ಕಡಿಮೆ. ಅವರಿಗಿಂತ ಮುಂಚೆ ಆರೋಗ್ಯಶಾಸ್ತ್ರ ಅಂದರೆ ನಮಗೆ ಬಾಯಿಪಾಠ. ಹಲ್ಲು ತಿಕ್ಕಬೇಕು, ಉಗುರು ಕತ್ತರಿಸಬೇಕು ಎಂದು ರಾಗವಾಗಿ ಒದರಿ, ಕೊಳೆ ಉಗುರಿನ ಕೈಯಿಂದಲೇ ಪುಸ್ತಕ ಮುಚ್ಚುತ್ತಿದ್ದೆವು. ಇವರು ಪುಸ್ತಕ ತೆಗೆಯಲೇ ಇಲ್ಲ. ಸಾಲೆಯ ಮಣ್ಣಿನ ಹರವಿಯಿಂದ ಗಾಜಿನ ಗ್ಲಾಸಿನಲ್ಲಿ ನೀರು ತೆಗೆದು ನನ್ನ ಕೈಗೆ ಕೊಟ್ಟರು.

“ಇದರಾಗ ಏನ ಕಾಣತೈತಿ?”

“ಏನೂ ಇಲ್ರಿ, ನೀರ್ರಿ.”

“ಬಾಗಲಕ್ಕ ಹೋಗಿ ಬಿಸಲಿಗೆ ಹಿಡದು ನೋಡು.”

ಹಿಡಿದು ನೋಡಿದೆ. ನೀರಿನೊಳಗೆ ಬಿಳಿ ಚುಕ್ಕೆಗಳು ಚಂಗನೆ ಜಿಗಿಯುತ್ತಿದ್ದವು. ಒಂದಲ್ಲ ಎರಡಲ್ಲ. ಗ್ಲಾಸನ್ನು ಮೈಯಿಂದ ದೂರ ಹಿಡಿದೆ. ಇಡೀ ವರ್ಗ ಒಬ್ಬೊಬ್ಬರಾಗಿ ಬಂದು ನೋಡಿತು. ನೋಡಿದವರು ಯಾರೂ ನಗಲಿಲ್ಲ.

“ಇವು ನೀರಿನ ಚಿಗಟ,” ಎಂದರು ಮಾಸ್ತರರು. “ನಾರು ಬಂದವರು ಉರಿ ತಾಳಲಾರದ ಹೊಂಡದಾಗ ಕಾಲ ಇಟ್ಟು ಕುಂದರ್ತಾರಲ್ಲ, ಆವಾಗ ಆ ಹುಳ ತನ್ನ ಮರಿ ನೀರಿಗೆ ಬಿಡತೈತಿ. ಮರಿ ಚಿಗಟದ ಹೊಟ್ಟಿಗೆ ಹೋಗತಾವು. ಚಿಗಟ ನಿಮ್ಮ ಹೊಟ್ಟಿಗೆ ಹೋಗತಾವು. ಒಂದ ವರ್ಷ ಒಳಗ ಬೆಳದು ಆಮ್ಯಾಲ ಕಾಲಾಗ ಹೊರಗ ಬರತಾವು. ಎರಡು ಪದರ ಅರಿವಿ ಹಾಕಿ ಸೋಸಿ ಕುಡದ್ರ ಒಳಗ ಹೋಗೂದಿಲ್ಲ. ಇಷ್ಟ ಐತಿ ನೋಡ್ರಿ.”

ನನಗೆ ಒಂದೇ ಪ್ರಶ್ನೆ ಎದ್ದಿತು. “ಮಾಸ್ತರ, ಹ್ವಾದ ವರ್ಷ ಕುಡದದ್ದ್ರಿ?”

ಅವರು ನನ್ನ ಕಡೆಗೆ ತಿರುಗಿದರು. ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು, ಮಾಡಲಿಲ್ಲ. “ಅದು ಹೋಗಿದ್ರ ಒಳಗ ಐತಿ, ನೀಲಾ. ಅದಕ್ಕ ಔಷಧ ಇಲ್ಲ. ಬರೂದಿದ್ರ ಬರೂ ಬ್ಯಾಸಗಿಗೆ ಬರತೈತಿ. ಈ ವರ್ಷ ಸೋಸಿದ್ದು ಅದರ ಮುಂದಿನ ಬ್ಯಾಸಗಿಗೆ ಕಾಯತೈತಿ.”

ಅಲ್ಲಿಂದ ನನ್ನ ನೆಮ್ಮದಿ ಹೋಯಿತು. ಮುಳ್ಳು ಚುಚ್ಚಿದರೆ ತೆಗೆಯಬಹುದು, ಹಾವು ಕಂಡರೆ ಓಡಬಹುದು. ಒಳಗೇ ಇರಬಹುದಾದ, ಇಲ್ಲದೆಯೂ ಇರಬಹುದಾದ ಹುಳದಿಂದ ಎಲ್ಲಿಗೆ ಓಡುವುದು? ಮುಂಜಾನೆ ಎದ್ದ ಕೂಡಲೇ ಕಾಲು ನೋಡಿಕೊಳ್ಳುತ್ತಿದ್ದೆ. ಸಾಲೆಯಲ್ಲಿ ಪ್ರಾರ್ಥನೆಗೆ ನಿಂತಾಗ ಎಲ್ಲರ ಕಣ್ಣೂ ಎಲ್ಲರ ಕಾಲಿನ ಮೇಲೆ. ಇರುವೆ ಹರಿದರೂ ಬಗ್ಗಿ ನೋಡುತ್ತಿದ್ದೆ. ಅದು ಕಾಲಲ್ಲೇ ಬರಬೇಕೆಂದಿಲ್ಲ, ನಾಲಿಗೆಯಲ್ಲೂ ಬರಬಹುದು ಎಂದು ಯಾರೋ ಗಾಳಿಸುದ್ದಿ ಹಬ್ಬಿಸಿದರು. ಕನ್ನಡಿಯ ಮುಂದೆ ನಾಲಿಗೆ ಚಾಚಿ ನಿಂತದ್ದಕ್ಕೆ ಅವ್ವನ ಕೈಯಿಂದ ಏಟು ತಿಂದೆ. ವರ್ಗದ ಕೆಲವರು ಹೊಂಡದ ನೀರು ಬಿಟ್ಟು ಉಪ್ಪುಬಾವಿಯ ನೀರು ಕುಡಿದು ಹೊಟ್ಟೆ ಕೆಡಿಸಿಕೊಂಡರು.

ಮಾಸ್ತರರು ನಮ್ಮ ಅವತಾರ ನೋಡಿ, ಗಜೇಂದ್ರಗಡದ ನೇಕಾರರ ಹತ್ತಿರದಿಂದ ಒಂದು ತಾನು ಕೋರಾ ಬಟ್ಟೆ ತಂದರು. ಕತ್ತರಿಸಿ ಎಲ್ಲರಿಗೂ ಹಂಚಿದರು. ಪ್ರತಿ ತುಂಡಿನ ಒಂದು ಮಗ್ಗುಲಿಗೆ ನಮ್ಮಿಂದಲೇ ಕೆಂಪು ನೂಲಿನ ಹೊಲಿಗೆ ಹಾಕಿಸಿದರು. ಕೆಂಪು ನೂಲು ಯಾವತ್ತೂ ಮೇಲೆಯೇ ಬರಬೇಕು. ತಿರುವಿ ಹಾಕಿದರೆ ನಿನ್ನೆ ಬಟ್ಟೆಗೆ ಸಿಕ್ಕ ಚಿಗಟ ಇವತ್ತು ಹರವಿಗೆ ಬೀಳುತ್ತವೆ. ಮನೆಗೆ ಒಯ್ದು ಹರವಿಯ ಬಾಯಿಗೆ ಕಟ್ಟಿದೆ. ಅವ್ವನಿಗೆ ನಗು ಬಂತು. “ನಿಮ್ಮ ಮುತ್ಯಾನ ಮುತ್ಯಾ ಈ ನೀರು ಕುಡದು ಎಂಬತ್ತ ವರ್ಷ ಬದಕಿದಾನ. ಇವನ್ಯಾವನೋ ಮೊನ್ನಿ ಬಂದವ ನಮ್ಮ ಹೊಂಡಕ್ಕ ಹೆಸರ ಇಡಾಕತ್ತಾನ,” ಅಂದಳು. ಆದರೂ ನನ್ನ ಕಾಟಕ್ಕೆ ಬಟ್ಟೆ ಕಟ್ಟಲು ಬಿಟ್ಟಳು. ಅವಳು ತಿರುವಿ ಹಾಕುತ್ತಾಳೇನೋ ಎಂದು ನಾನು ದಿನಾ ಕೆಂಪು ನೂಲು ಕಾಯುತ್ತಿದ್ದೆ.

ಮುಂಗಾರು ಹೋಯಿತು, ಜೋಳ ಎದೆಮಟ್ಟ ಬೆಳೆಯಿತು, ಸುಗ್ಗಿಯೂ ಮುಗಿಯಿತು. ಯಾರ ಕಾಲಿನಲ್ಲೂ ಏನೂ ಇಲ್ಲ. ಮಾಸ್ತರರ ಮಾತು ಸುಳ್ಳಾಗಲಿ ಎಂದು ದೇವರಿಗೆ ಕೈ ಮುಗಿಯುತ್ತಿದ್ದೆ, ಬಟ್ಟೆಯನ್ನೂ ಒಗೆದು ಒಣಹಾಕುತ್ತಿದ್ದೆ. ಎರಡೂ ಒಟ್ಟಿಗೇ ನಡೆದಿತ್ತು.

ಶಿವರಾತ್ರಿ ಕಳೆದು ಬಿಸಿಲು ಏರಿತು. ಹೊಂಡದ ನೀರು ಇಳಿಯುತ್ತ ಕೆಳಗಿನ ಪಾವಟಿಗೆಗಳು ಹೊರಬಿದ್ದವು. ಆಗ ಸುರುವಾಯಿತು. ಮೊದಲು ತಳವಾರ ಓಣಿಯಲ್ಲಿ ಒಬ್ಬರಿಗೆ, ಆಮೇಲೆ ಗೌಡರ ಮನೆಯಲ್ಲಿ, ಆಮೇಲೆ ನಮ್ಮ ವರ್ಗದಲ್ಲೇ ಒಬ್ಬೊಬ್ಬರಿಗೆ. ಒಂಬತ್ತು ತಿಂಗಳು ಬಿಡದೆ ಸೋಸಿ ಕುಡಿದವರಿಗೇ ಬಂತು. ಊರಿನವರ ಬಾಯಿಗೆ ಇಷ್ಟು ಸಾಕಾಯಿತು. “ಸೋಸಿ ಕುಡದ ಮಕ್ಕಳಿಗೇ ಬಂತಲ್ಲಪಾ ನಿಮ್ಮ ನಾರು,” ಎಂದು ದಾರಿಯಲ್ಲಿ ಮಾಸ್ತರರನ್ನು ತಡೆದು ಅನ್ನತೊಡಗಿದರು. ಅವರು ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದರು: “ಇದು ಹ್ವಾದ ವರ್ಷದ ನೀರ್ರಿ. ಈ ವರ್ಷದ್ದು ಮುಂದಿನ ವರ್ಷ ಕೇಳ್ರಿ. ಹೊಂಡದಾಗ ಮಾತ್ರ ಕಾಲ ಇಡಬ್ಯಾಡ್ರಿ, ನಿಮ್ಮ ಕೈ ಮುಗೀತೀನಿ.” ಗೌಡರು ಕುಂಟುತ್ತ ಬಂದು ಅವರೆದುರೇ ಪಾವಟಿಗೆಯ ಮೇಲೆ ಕುಳಿತು ನೀರಿನಲ್ಲಿ ಕಾಲು ಇಳಿಬಿಟ್ಟರು. ಮಾಸ್ತರರು ಸಪ್ಪಗಾದ ಮೋರೆಯಿಂದ ನೋಡುತ್ತ ನಿಂತರು. ಗೌಡರಿಗೆ ಎದುರು ಹೇಳುವವರು ಆ ಊರಲ್ಲಿ ಇರಲಿಲ್ಲ.

ಪರೀಕ್ಷೆಗೆ ವಾರವಿತ್ತು. ಒಂದು ಮುಂಜಾನೆ ಎಡಗಾಲಿನ ಹರಡಿನ ಮೇಲೆ ತುರಿಕೆ. ನೋಡಿದರೆ ಕೆಂಪಗೆ ಗುಳ್ಳೆ. ಸಂಜೆಯ ಹೊತ್ತಿಗೆ ಬೊಬ್ಬೆಯಾಯಿತು. ನನಗೆ ಆದ ಅಂಜಿಕೆಯನ್ನು ಹೇಗೆ ಹೇಳಲಿ? ವರ್ಷವಿಡೀ ಕಾದದ್ದು ಬಂದಿತ್ತು, ಆದರೂ ಇದು ನನ್ನ ಕಾಲು ಅಲ್ಲ ಅನ್ನಿಸುತ್ತಿತ್ತು. ಗಂಗಕ್ಕನ ಸೆಟೆದ ಮೊಣಕಾಲನ್ನು ನೋಡಲಾಗದೆ ಬೇರೆ ಕಡೆ ಮುಖ ಮಾಡಿ ಉಂಡೆ. ಮನೆಯಲ್ಲಿ ತಿಳಿದರೆ ಪರೀಕ್ಷೆ ಇಲ್ಲ ಎಂದು ಹೇಳದೆ ಮುಚ್ಚಿಟ್ಟೆ.

ಮೂರು ದಿನಕ್ಕೆ ಉರಿ ಸುರುವಾಯಿತು. ಕೆಂಡ ಕಟ್ಟಿಟ್ಟಂಥ ಉರಿ. ಸಂಜೆ ಕೊಡ ಹಿಡಿದು ಹೊಂಡಕ್ಕೆ ಹೋದೆ. ಹೊಂಡದ ಹತ್ತಿರ ಯಾರೂ ಇರಲಿಲ್ಲ. ಕೆಳಗೆ ಉಳಿದಿದ್ದ ಒಂದಿಷ್ಟು ನೀರು ನೆರಳಿನಲ್ಲಿ ತಂಪಗೆ ನಿಂತಿತ್ತು. ಕೊನೆಯ ಪಾವಟಿಗೆಯವರೆಗೆ ಇಳಿದು ಕಾಲು ಎತ್ತಿದೆ. ಇಟ್ಟಿದ್ದರೆ ಒಂದು ಗಳಿಗೆಯಲ್ಲಿ ಉರಿ ಇಳಿಯುತ್ತಿತ್ತು. ಇಡಲಿಲ್ಲ. ನಾನು ದೊಡ್ಡ ಮನಸ್ಸಿನವಳಾಗಿ ಅಲ್ಲ. ಆ ನೀರಿನೊಳಗೆ ಚುಕ್ಕೆಗಳು ಜಿಗಿಯುವುದು ನನ್ನ ಕಣ್ಣಿಗೆ ಕಂಡಂತಾಯಿತು, ಇದೇ ನೀರನ್ನು ನಾಳೆ ನಾನೇ ಒಯ್ದು ಕುಡಿಯಬೇಕಲ್ಲ ಎಂದು ಹೆದರಿಕೆಯಾಯಿತು. ಖಾಲಿ ಕೊಡ ಹೊತ್ತು, ಅಳುತ್ತ, ನೆಟ್ಟಗೆ ಮಾಸ್ತರರ ಮನೆಗೆ ಹೋದೆ.

ಅವರು ಕಾಲು ನೋಡಿದರು. ತಮ್ಮ ಬಕೀಟಿಗೆ ನೀರು ತುಂಬಿ ನನ್ನ ಕಾಲನ್ನು ಅದರಲ್ಲಿ ಇಡಿಸಿದರು. ಬೊಬ್ಬೆ ಒಡೆಯಿತು. ಆ ನೀರನ್ನು ಹಿತ್ತಲ ಒಣ ನೆಲದ ಮೇಲೆ ಸುರಿದು ಬಂದು, “ಪರೀಕ್ಷಾ ಬರಿಯಾಕಿ ಹೌದಲ್ಲೊ?” ಎಂದು ಕೇಳಿದರು. ಹೌದ್ರಿ ಅಂದೆ. ಅವರೇ ನಮ್ಮ ಮನೆಗೆ ಬಂದು ಅಪ್ಪನಿಗೆ ಹೇಳಿದರು. ಅವ್ವ ಎದೆ ಬಡಿದುಕೊಂಡಳು. ಇಬ್ಬರು ಹೆಣ್ಣುಮಕ್ಕಳೂ ಹೀಗಾದರೆ ನಾಳೆ ಮುಖ ಹೇಗೆ ತೋರಿಸುವುದು ಎಂದು ಮಾಸ್ತರರ ಮೇಲೆ ಹರಿಹಾಯ್ದಳು. ಸೋಸುವುದನ್ನು ಕಲಿಸಿ ಮಗಳ ಕಾಲು ಕೆಡಿಸಿದರೆಂದಳು. ಅವರು ಏನೂ ಅನ್ನಲಿಲ್ಲ. ಅಪ್ಪನೇ ಎದ್ದು, “ಚಕ್ಕಡಿ ಹೂಡ್ತೀನ್ರಿ ಮಾಸ್ತರ,” ಅಂದ.

ರೋಣದ ದಾರಿಯಲ್ಲಿ ಅಪ್ಪ ಎತ್ತುಗಳ ಮುಂದೆ ನಡೆಯುತ್ತಿದ್ದ. ಚಕ್ಕಡಿಯಲ್ಲಿ ನಾನು, ಮಾಸ್ತರರು, ನಡುವೆ ನೀರಿನ ಬಕೀಟು. ಹುಳ ಎರಡು ಬೆರಳಿನಷ್ಟು ಹೊರಗೆ ಬಂದು ಕಡ್ಡಿಗೆ ಸುತ್ತಿಕೊಂಡಿತ್ತು. ಚಕ್ಕಡಿ ಕುಲುಕಿದಾಗಲೆಲ್ಲ ಅದು ಹರಿಯಿತೋ ಎಂದು ಜೀವ ಹಾರುತ್ತಿತ್ತು. ನನ್ನ ಮೋರೆ ನೋಡಿ ಮಾಸ್ತರರು ಮೆಲ್ಲಗೆ ಅಂದರು: “ಅಂಜಿಕಿ ನಿನಗಷ್ಟ ಅಂತ ತಿಳ್ಕೋಬ್ಯಾಡ. ನಿಮ್ಮೂರಿಗೆ ಬಂದ ದಿನ ನಾನೂ ಸೋಸದ ನೀರು ಕುಡದೀನಿ. ಬಿಸಲಾಗ ನಡದು ಬಂದಿದ್ದೆ. ಬೆಲ್ಲ ಕೊಟ್ಟು, ತುಂಬಿದ ತಂಬಿಗಿ ಕೈಯಾಗ ಕೊಟ್ರು. ಅಷ್ಟು ಅಂತಃಕರಣದಿಂದ ಕೊಟ್ಟವರಿಗೆ, ಸೋಸಿ ಕೊಡ್ರಿ ಅನ್ನಾಕ ನನಗ ಬಾಯಿ ಬರಲಿಲ್ಲ. ಜೂನ್ ಬರೂದ ಕಾಯಾಕತ್ತೀನಿ.”

“ಯಾರ ಮನ್ಯಾಗ್ರಿ?”

“ಅದನ್ನ ತಗೊಂಡು ಏನ ಮಾಡ್ತಿ. ಭೂಗೋಳದ ಪುಸ್ತಕ ತಗಿ.”

ನನಗೆ ಕೇಳಬೇಕಾದ ಅಗತ್ಯವೇ ಇರಲಿಲ್ಲ. ಸಾಲೆಯ ಕೀಲಿ ಇರುತ್ತಿದ್ದದ್ದು ಅಪ್ಪನ ಹತ್ತಿರ. ಬಂದ ದಿನ ಅವರು ಟ್ರಂಕು ಹೊತ್ತುಕೊಂಡು ನೆಟ್ಟಗೆ ನಮ್ಮ ಪಡಸಾಲೆಗೇ ಬಂದಿದ್ದರು. ಬೆಲ್ಲದ ತಾಟು ತಂದಿಟ್ಟವಳು ನಾನೇ, ತಂಬಿಗೆ ಕೊಟ್ಟವಳು ಅವ್ವ. ಆಮೇಲೆ ಭೂಗೋಳದ ಒಂದಕ್ಷರವೂ ತಲೆಗೆ ಹೋಗಲಿಲ್ಲ. ಅವ್ವನಿಗೆ ಇದು ಯಾವತ್ತೂ ತಿಳಿಯಬಾರದು ಎಂದಷ್ಟೇ ಅಂದುಕೊಳ್ಳುತ್ತ ಕುಳಿತೆ.

ಪರೀಕ್ಷೆಯ ಕೋಣೆಯಲ್ಲಿ ಮೇಲ್ವಿಚಾರಕರು ಬಕೀಟು ನೋಡಿ ಹುಬ್ಬು ಗಂಟಿಕ್ಕಿದರು. ಮಾಸ್ತರರು ಬಾಗಿಲಲ್ಲಿ ನಿಂತು ಕೈ ಮುಗಿದು ಏನೇನೋ ಹೇಳಿದರು. ಕೊನೆಗೆ ಬಕೀಟಿನೊಳಗೆ ಚೀಟಿ ಗೀಟಿ ಇದೆಯೇ ಎಂದು ಇಣುಕಿದ ಮೇಲ್ವಿಚಾರಕರಿಗೆ ನನ್ನ ಕಾಲು ಕಂಡಿತು. ಅವರು ಮತ್ತೆ ನನ್ನ ಬೆಂಚಿನ ಕಡೆಗೆ ಸುಳಿಯಲಿಲ್ಲ. ಒಂದು ಕಾಲು ನೀರಿನಲ್ಲಿ ಇಟ್ಟುಕೊಂಡೇ ಎಲ್ಲ ವಿಷಯ ಬರೆದೆ. ಉರಿ ಏರಿದಾಗ ಅಕ್ಷರ ಸೊಟ್ಟಗಾದವು, ಹಾಗೇ ಬರೆದೆ. ಪ್ರತಿ ಸಲ ಮುಗಿದ ಮೇಲೆ ಮಾಸ್ತರರು ಆ ಬಕೀಟನ್ನು ತಾವೇ ಹೊತ್ತು, ಬಾವಿ ಕೆರೆ ಯಾವುದೂ ಹತ್ತಿರ ಇಲ್ಲದ ಕಡೆ ಹೋಗಿ, ಬಿರಿದ ಎರೆಮಣ್ಣಿನ ಮೇಲೆ ಸುರಿದು ಬರುತ್ತಿದ್ದರು.

ಹುಳ ಹರಿಯದೆ ಪೂರಾ ಬಂತು. ನನ್ನ ಕಾಲು ಉಳಿಯಿತು, ಮುಲ್ಕಿಯೂ ಪಾಸಾಯಿತು. ಊರಿನ ಸಿಟ್ಟು ಮಾತ್ರ ಇಳಿಯಲಿಲ್ಲ. ಗೌಡರು ಯಾರ ಕಿವಿಯಲ್ಲಿ ಏನು ಹೇಳಿದರೋ, ಮೇ ಕೊನೆಯಲ್ಲಿ ಮಾಸ್ತರರಿಗೆ ನರಗುಂದದ ಕಡೆಯ ಒಂದು ಹಳ್ಳಿಗೆ ವರ್ಗವಾಯಿತು. ಅವರು ಹೊರಟಾಗ ಟ್ರಂಕು ಹೊರಲಿಕ್ಕೂ ಯಾರೂ ಬರಲಿಲ್ಲ. ಅಪ್ಪನೇ ಬಸ್ಸಿನವರೆಗೆ ಹೊತ್ತು ಕೊಟ್ಟ. ಅವ್ವ ಒಳಗಿನಿಂದ ಹೊರಗೆ ಬರಲೇ ಇಲ್ಲ. ನಾನು ಅವರ ಕಾಲಿಗೆ ಬಿದ್ದೆ, ಬಿದ್ದಾಗ ಹತ್ತಿರದಿಂದ ಅವರ ಕಾಲು ನೋಡಿದೆ. ಚಪ್ಪಲಿ ಸವೆದಿತ್ತು, ಚರ್ಮ ನುಣ್ಣಗಿತ್ತು. ಏನೂ ಇಲ್ಲ ಎಂದು ಉಸಿರು ಬಿಟ್ಟೆ.

ಮಳೆ ಬಿದ್ದು ಬಿತ್ತನೆ ಮುಗಿದ ಮೇಲೆ ಅಪ್ಪ ಗಜೇಂದ್ರಗಡದ ಸಂತೆಗೆ ಹೋಗಿ ಬಂದ. ಅವ್ವ ರೊಟ್ಟಿ ಬಡಿಯುತ್ತಿದ್ದಳು, ಗಂಗಕ್ಕ ಬೇಯಿಸುತ್ತಿದ್ದಳು. ಅಪ್ಪ ಕಾಲು ತೊಳೆದು ಬಂದು ಕುಳಿತು, “ಪತ್ತಾರ ಮಾಸ್ತರ ಇರೂ ಊರಿನವರು ಭೆಟ್ಟಿ ಆಗಿದ್ರು,” ಎಂದ. “ಅವರಿಗೆ ನಾರು ಬಂದೈತಂತ. ಕಾಲು ಖುರ್ಚಿ ಮ್ಯಾಲ ಇಟ್ಕೊಂಡು ಪಾಠ ಹೇಳ್ತಾರಂತ. ಆ ಹುಳಾನ ಮಕ್ಕಳಿಗೆ ತೋರಿಸಿ, ಒಂದ ಸಲ ಸೋಸದ ಕುಡದದ್ದಕ್ಕ ಇದು ನೋಡ್ರಿ, ಅಂತಾರಂತ. ಅಲ್ಲಿ ಮಂದಿ ಈಗ ಊರಿಗೂರ ಅರಿವಿ ಕಟ್ಟಾಕತ್ತಾರಂತ.”

ಅವ್ವನ ಕೈ ನಿಂತಿತು. “ಅವರು ಸೋಸದ ಎಲ್ಲಿ ಕುಡದ್ರು? ಮಂದಿ ಮನಿಗೆ ಹೋದ್ರ ಕಿಸೇದಾಗ ಅರಿವಿ ಇಟ್ಕೊಂಡ ಹೋಗ್ತಿದ್ರು.”

“ಈ ಊರಿಗೆ ಬಂದ ದಿನ ಯಾರೋ ಕೊಟ್ಟಿದ್ರಂತ. ಮಕ್ಕಳು ಕೇಳಿದ್ರ ಹೆಸರ ಮಾತ್ರ ಹೇಳವಲ್ರಂತ.”

ಅವ್ವ ನನ್ನನ್ನು ನೋಡಿದಳು. ನಾನು ತಲೆ ಕೆಳಗೆ ಹಾಕಿದೆ. ಅವಳಿಗೆ ಅಷ್ಟೇ ಸಾಕಾಯಿತು. ಹಂಚಿನ ಮೇಲೆ ರೊಟ್ಟಿ ಸೀದು ಹೊಗೆ ಎದ್ದರೂ ಗಂಗಕ್ಕನೂ ತೆಗೆಯಲಿಲ್ಲ. “ನಾನ ಕೊಟ್ಟಿದ್ದೆ,” ಎಂದಳು ಅವ್ವ. “ದಣದು ಬಂದಾರ ಅಂತ ಎರಡನೇ ತಂಬಿಗಿನೂ ನಾನ ಕೊಟ್ಟೆ. ಆಮ್ಯಾಲ ಅವರಿಗೆ ಎಷ್ಟು ಬೈದೆ. ಒಂದ ಮಾತು ಅನ್ನಲಿಲ್ಲಲ್ಲ ಆ ಮನಷ್ಯಾ.” ಅಪ್ಪ, ಇರಲಿ ಬಿಡು, ಬೇಕಂತ ಮಾಡಿದ್ದಲ್ಲ, ಎಂದು ಸಮಾಧಾನ ಹೇಳಿದ. ಅವ್ವ ಹಿಟ್ಟಿನ ಕೈಯಿಂದಲೇ ಸೆರಗು ಹಿಡಿದು ಕಣ್ಣಿಗೆ ಒತ್ತಿಕೊಂಡು ಕುಳಿತಳು.

ಮುಂದಿನ ಬೇಸಿಗೆಗೆ ನಮ್ಮ ಮನೆಯಲ್ಲಿ ಯಾರಿಗೂ ನಾರು ಬರಲಿಲ್ಲ. ಸೋಸಿ ಕುಡಿದ ಯಾವ ಮನೆಗೂ ಬರಲಿಲ್ಲ. ಊರು ಏನೂ ಆಗಿಲ್ಲವೆಂಬಂತೆ ಸುಮ್ಮನೆ ಬಟ್ಟೆ ಕಟ್ಟಲು ಸುರು ಮಾಡಿತು. ಅವ್ವ ಮಾತ್ರ ಸುಮ್ಮನಾಗಲಿಲ್ಲ. ಮನೆಗೆ ಯಾರೇ ಬರಲಿ, ಅವರ ಕಣ್ಣೆದುರಿಗೇ ನೀರು ಸೋಸಿ, ತಂಬಿಗೆಯನ್ನು ಎರಡೂ ಕೈಯಿಂದ ಹಿಡಿದು, “ಸೋಸೇನ್ರಿ, ಕುಡೀರಿ,” ಎಂದು ಹೇಳಿಯೇ ಕೊಡುತ್ತಿದ್ದಳು. ಎಷ್ಟೋ ವರ್ಷಗಳ ಮೇಲೆ ಊರಿಗೆ ನಳ ಬಂತು. ಆಮೇಲೂ ಹಾಗೆಯೇ ಹೇಳಿ ಕೊಡುತ್ತಿದ್ದಳು, ಬಂದವರು ಕುಡಿದು ಮುಗಿಸುವವರೆಗೆ ಅವರ ಕಾಲು ನೋಡುತ್ತ ನಿಂತಿರುತ್ತಿದ್ದಳು.